ಕಾಲೇಜು ಫುಟ್‌ಬಾಲ್ ರಿಕ್ರೂಟಿಂಗ್ ರ‍್ಯಾಂಕಿಂಗ್: ಅಂಕ ಕೂಡುವುದು ಹೇಗೆ, ನೀವೇ ಲೆಕ್ಕ ಹಾಕುವುದು ಹೇಗೆ

ಹದಿನೆಂಟು ಹುಡುಗರನ್ನು ಸೇರಿಸಿಕೊಂಡ ತಂಡ, ಇಪ್ಪತ್ತಾರು ಹುಡುಗರನ್ನು ಸೇರಿಸಿಕೊಂಡ ತಂಡಕ್ಕಿಂತ ಮೇಲಿರುವುದು ಹೇಗೆ? ಹೊಸಬನೊಬ್ಬ ಸೇರಿದರೂ ನಮ್ಮ ತಂಡದ ಸ್ಥಾನ ಯಾಕೆ ಕದಲಲಿಲ್ಲ? ಒಂದು ಸೈಟಿನಲ್ಲಿ ನಾಲ್ಕನೆಯದು, ಇನ್ನೊಂದರಲ್ಲಿ ಒಂಬತ್ತನೆಯದು, ಯಾವುದನ್ನು ನಂಬಬೇಕು? ಅಮೆರಿಕದಲ್ಲಿ ನೆಲೆಸಿರುವ, ಅಲ್ಲಿ ಓದುತ್ತಿರುವ ಕನ್ನಡಿಗ ಓದುಗರಿಂದ ಪ್ರತಿ ಡಿಸೆಂಬರ್‌ನಲ್ಲೂ ಇವೇ ಪ್ರಶ್ನೆಗಳು ಬರುತ್ತವೆ. ಉತ್ತರ ಒಂದು ಸೂತ್ರದಲ್ಲಿದೆ. ಅದನ್ನು ಒಮ್ಮೆ ನಿಮ್ಮ ಕೈಯಾರೆ ಹಾಕಿ ನೋಡಿದರೆ ಈ ಗೊಂದಲಗಳಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಹೊಸಬರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಕಾಲೇಜು ತಂಡಗಳಿಗೆ ಹರಾಜೂ ಇಲ್ಲ, ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟೂ ಇಲ್ಲ. ಕೋಚ್‌ಗಳು ಹೈಸ್ಕೂಲ್ ಆಟಗಾರರ ಮನೆ ಬಾಗಿಲಿಗೆ ಹೋಗಿ ಒಪ್ಪಿಸಬೇಕು. ಇದೇ ರಿಕ್ರೂಟಿಂಗ್. ಒಂದು ವರ್ಷ ಹೀಗೆ ಸೇರುವ ಬ್ಯಾಚಿಗೆ ಕ್ಲಾಸ್ ಎನ್ನುತ್ತಾರೆ. 2026ರ ಕ್ಲಾಸ್ ಎಂದರೆ 2026ರಲ್ಲಿ ಕಾಲೇಜಿಗೆ ಬರುವವರು. ಬರುತ್ತೇನೆಂದು ಬಾಯಿಮಾತು ಕೊಟ್ಟವನು ಕಮಿಟ್, ಮಾತು ಹಿಂತೆಗೆದುಕೊಂಡರೆ ಡೀಕಮಿಟ್, ಒಂದು ತಂಡದಿಂದ ನೇರವಾಗಿ ಇನ್ನೊಂದಕ್ಕೆ ಹಾರಿದರೆ ಫ್ಲಿಪ್. ಕಾಗದಕ್ಕೆ ಸಹಿ ಬಿದ್ದ ಮೇಲೆ ಸೈನೀ.

ಹೈಸ್ಕೂಲ್ ಆಟಗಾರರನ್ನು ಅಳೆದು ರೇಟಿಂಗ್ ಕೊಡುವ ಸಂಸ್ಥೆಗಳು ಹಲವಿವೆ. ಈ ಲೇಖನದಲ್ಲಿ ಮುಖ್ಯವಾಗಿ ಅವುಗಳಲ್ಲೊಂದಾದ 247ಸ್ಪೋರ್ಟ್ಸ್‌ನ ಕಾಂಪೋಸಿಟ್, ಅಂದರೆ ಹಲವು ಸಂಸ್ಥೆಗಳ ರೇಟಿಂಗ್ ಬೆರೆಸಿದ, ತಂಡ ರ‍್ಯಾಂಕಿಂಗನ್ನು ತೆಗೆದುಕೊಂಡಿದ್ದೇವೆ. ಟಿವಿಯಲ್ಲಿ, ಪತ್ರಿಕೆಗಳಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು ಅದೇ. ಅದರ ಸೂತ್ರವೂ ಬಹಿರಂಗವಾಗಿದೆ.

ಬೇಕಾಗುವುದು ಇಷ್ಟು: ನಿಮ್ಮ ತಂಡದ ಕಮಿಟ್‌ಗಳ ಪಟ್ಟಿ, ಪ್ರತಿಯೊಬ್ಬನ ಕಾಂಪೋಸಿಟ್ ರೇಟಿಂಗ್ (ದಶಮಾಂಶದ ನಾಲ್ಕು ಅಂಕಿಯವರೆಗೆ), ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್. ಪಟ್ಟಿ ಇಳಿಸಿಕೊಂಡ ದಿನಾಂಕವನ್ನು ಹಾಳೆಯ ತಲೆಯಲ್ಲಿ ಬರೆದಿಡಿ. ರೇಟಿಂಗ್‌ಗಳು ಆಗಾಗ ಬದಲಾಗುತ್ತವೆ, ದಿನಾಂಕ ಇಲ್ಲದ ಹಾಳೆ ಮುಂದಿನ ತಿಂಗಳು ಉಪಯೋಗಕ್ಕೆ ಬರುವುದಿಲ್ಲ.

1. ಯಾರನ್ನು ಎಣಿಸಬೇಕು

ಸ್ಕಾಲರ್‌ಷಿಪ್ ಮೇಲೆ ಬರುವ ಹೈಸ್ಕೂಲ್ ಆಟಗಾರರು, ಜೊತೆಗೆ ಜೂನಿಯರ್ ಕಾಲೇಜು, ಅಂದರೆ ಎರಡು ವರ್ಷದ ಕಾಲೇಜುಗಳಿಂದ ಬರುವವರು. ಸ್ಕಾಲರ್‌ಷಿಪ್ ಇಲ್ಲದೆ ಸೇರುವ ವಾಕ್-ಆನ್‌ಗಳ ಹೆಸರು ಅದೇ ಪುಟದಲ್ಲಿ ಬೇರೆ ಗುಂಪಾಗಿ ಕಾಣಿಸಬಹುದು. ಅವರನ್ನು ಕೂಡಿಸಬೇಡಿ. ಇನ್ನೊಂದು ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಫರ್ ಪೋರ್ಟಲ್ (ತಂಡ ಬದಲಾಯಿಸಲು ಬಯಸುವ ಕಾಲೇಜು ಆಟಗಾರರ ಹೆಸರು ದಾಖಲಾಗುವ ಪಟ್ಟಿ) ಮೂಲಕ ಬಂದವರನ್ನೂ ಇಲ್ಲಿ ಸೇರಿಸಬೇಡಿ. ಅವರ ಲೆಕ್ಕವೇ ಬೇರೆ, ಕೊನೆಯಲ್ಲಿ ಬರುತ್ತದೆ.

ಕ್ಲಾಸ್ ವರ್ಷ ಬದಲಾಯಿಸುವವರ ಬಗ್ಗೆ ಎಚ್ಚರ. ಹೈಸ್ಕೂಲನ್ನು ಒಂದು ವರ್ಷ ಮುಂಚೆ ಮುಗಿಸಿ ಬರುವವನು ಹಿಂದಿನ ಕ್ಲಾಸಿಗೆ ಹೋಗುತ್ತಾನೆ. ಕ್ವಿನ್ ಯೂವರ್ಸ್ 2022ರ ಕ್ಲಾಸಿನ ಕ್ವಾರ್ಟರ್‌ಬ್ಯಾಕ್ ಎಂದೇ ಎಲ್ಲರೂ ಬರೆಯುತ್ತಿದ್ದರು. 2021ರ ಆಗಸ್ಟ್‌ನಲ್ಲಿ ಆತ ಒಂದು ವರ್ಷ ಮೊದಲೇ ಓಹಾಯೊ ಸ್ಟೇಟ್ ಸೇರಿದ, ಆ ತಂಡದ 2021ರ ಲೆಕ್ಕಕ್ಕೆ ಬಂದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ಗೆ ಹೋದದ್ದು ಟ್ರಾನ್ಸ್‌ಫರ್ ಆಗಿ. ಹಾಗಾಗಿ ಟೆಕ್ಸಾಸ್‌ನ 2022ರ ಹೈಸ್ಕೂಲ್ ಕ್ಲಾಸಿನಲ್ಲಿ ಅವನನ್ನು ಹುಡುಕಿದರೆ ಸಿಗುವುದಿಲ್ಲ.

2. ಆಟಗಾರನ ರೇಟಿಂಗ್ ಓದುವುದು

ಆಟಗಾರನ ಮಟ್ಟ ಹೇಳಲು ಸೈಟುಗಳು ಐದರವರೆಗೆ ನಕ್ಷತ್ರ ಕೊಡುತ್ತವೆ. ಅವನ್ನು ಸದ್ಯಕ್ಕೆ ಮರೆತುಬಿಡಿ. ತಂಡದ ಅಂಕಕ್ಕೆ ನಕ್ಷತ್ರಗಳ ಸಂಖ್ಯೆ ಸೇರುವುದೇ ಇಲ್ಲ. ಸೇರುವುದು ರೇಟಿಂಗ್. ಕಾಂಪೋಸಿಟ್‌ನಲ್ಲಿ ಸಾಮಾನ್ಯವಾಗಿ 0.89ರಿಂದ ಫೋರ್ ಸ್ಟಾರ್, ಸುಮಾರು 0.983ರಿಂದ ಫೈವ್ ಸ್ಟಾರ್. 0.8899 ಇರುವವನಿಗೆ ಮೂರು ನಕ್ಷತ್ರ, 0.8900 ಇರುವವನಿಗೆ ನಾಲ್ಕು. ಆದರೆ ತಂಡದ ಒಟ್ಟು ಅಂಕದಲ್ಲಿ ಇವರಿಬ್ಬರ ನಡುವಿನ ವ್ಯತ್ಯಾಸ ಹೆಚ್ಚೆಂದರೆ 0.01. ತಲೆಬರಹಗಳು ನಕ್ಷತ್ರ ಎಣಿಸುತ್ತವೆ, ಸೂತ್ರ ಎಣಿಸುವುದಿಲ್ಲ.

ಪ್ರತಿ ಸಂಸ್ಥೆಯ ಮಾಪನವೂ ಬೇರೆ. 247ಸ್ಪೋರ್ಟ್ಸ್‌ನ ಸ್ವಂತ ರೇಟಿಂಗ್‌ನಲ್ಲಿ 98ರಿಂದ ಮೇಲೆ ಫೈವ್ ಸ್ಟಾರ್, 90ರಿಂದ 97 ಫೋರ್ ಸ್ಟಾರ್, 80ರಿಂದ 89 ತ್ರೀ ಸ್ಟಾರ್. ಫೈವ್ ಸ್ಟಾರ್‌ಗಳ ಸಂಖ್ಯೆಯನ್ನು ಅವರು 32ರ ಸುತ್ತ ಇಡುತ್ತಾರೆ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ 32 ಆಯ್ಕೆಗಳಿರುವುದರಿಂದ. ಇಎಸ್‌ಪಿಎನ್‌ನಲ್ಲಿ 90ರಿಂದ ಫೈವ್ ಸ್ಟಾರ್, 80ರಿಂದ ಫೋರ್ ಸ್ಟಾರ್. ರೈವಲ್ಸ್ ಬಹಳ ವರ್ಷ ಬಳಸಿದ ಮಾಪನದಲ್ಲಿ ತುದಿ 6.1. ಇಎಸ್‌ಪಿಎನ್‌ನ 85ನ್ನು 247ರ 85ರ ಪಕ್ಕದಲ್ಲಿಟ್ಟು ಹೋಲಿಸುವುದು ಓದುಗರು ಅತಿ ಹೆಚ್ಚು ಮಾಡುವ ತಪ್ಪು. ಮೊದಲನೆಯವನು ಫೋರ್ ಸ್ಟಾರ್, ಎರಡನೆಯವನು ತ್ರೀ ಸ್ಟಾರ್.

3. ಕಾಂಪೋಸಿಟ್ ಎಂದರೇನು

ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕವನ್ನೂ ದ್ವಿತೀಯ ಪಿಯುಸಿ ಅಂಕವನ್ನೂ ಸಮಪಾಲಾಗಿ ಸೇರಿಸುತ್ತಾರಲ್ಲ, ಕಾಂಪೋಸಿಟ್ ಕೂಡ ಅಂಥದ್ದೇ ಮಿಶ್ರಣ. ಪ್ರಮುಖ ಸಂಸ್ಥೆಗಳು ಆಟಗಾರನಿಗೆ ಕೊಟ್ಟ ಸ್ಥಾನ ಮತ್ತು ರೇಟಿಂಗ್ ಎರಡನ್ನೂ ತೆಗೆದುಕೊಂಡು, ಒಂದೇ ಸೂಚ್ಯಂಕಕ್ಕೆ ಇಳಿಸಿ, ಅವನನ್ನು ಅಳೆದ ಸಂಸ್ಥೆಗಳಿಗೆಲ್ಲ ಸಮಾನ ತೂಕ ಕೊಡುತ್ತಾರೆ. ಗರಿಷ್ಠ 1.0000. ಎಲ್ಲ ಸಂಸ್ಥೆಗಳೂ ಒಬ್ಬನನ್ನೇ ಒಂದನೇ ಸ್ಥಾನದಲ್ಲಿಟ್ಟರೆ ಅವನಿಗೆ ಆ ಅಂಕ.

ಮಿಶ್ರಣಕ್ಕೆ ಯಾವ ಸಂಸ್ಥೆಗಳು ಸೇರುತ್ತವೆ ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಸ್ಕೌಟ್ ಎಂಬ ಹಳೆಯ ಸಂಸ್ಥೆ 2017ರಲ್ಲಿ 247ಸ್ಪೋರ್ಟ್ಸ್‌ನ ಒಡೆಯರಾದ ಸಿಬಿಎಸ್ ಕೈಸೇರಿತು. 2021ರಲ್ಲಿ ಶುರುವಾದ ಆನ್3, 2025ರಲ್ಲಿ ರೈವಲ್ಸ್ ಅನ್ನೇ ಕೊಂಡಿತು. ಹಳೆಯ ಕ್ಲಾಸ್‌ಗಳನ್ನು ಇಂದಿನ ಕ್ಲಾಸ್‌ಗಳ ಜೊತೆ ಹೋಲಿಸುವಾಗ ಈ ಬದಲಾವಣೆ ನೆನಪಿರಲಿ.

ಎಲ್ಲರೂ ಅಳೆಯದ ಆಟಗಾರನ ಕಾಂಪೋಸಿಟ್ ಒಂದಿಬ್ಬರ ಅಭಿಪ್ರಾಯದ ಮೇಲೆ ನಿಂತಿರುತ್ತದೆ. ತಡವಾಗಿ ಬೆಳಕಿಗೆ ಬಂದವರು, ಹಳ್ಳಿಗಾಡಿನ ಶಾಲೆಗಳವರು, ಆಸ್ಟ್ರೇಲಿಯಾದಿಂದ ಬರುವ ಪಂಟರ್‌ಗಳು, ಅಂದರೆ ಚೆಂಡನ್ನು ದೂರ ಒದೆಯುವ ಪರಿಣತರು, ಈ ಗುಂಪಿನವರು. ಪಂಟರ್ ತಂಡಕ್ಕೆ ಎಷ್ಟೇ ಮುಖ್ಯನಾದರೂ ಕಿಕ್ಕರ್, ಪಂಟರ್‌ಗಳಿಗೆ ರೇಟಿಂಗ್ ಕಡಿಮೆಯೇ. ಅವನಿಂದ ತಂಡದ ಅಂಕಕ್ಕೆ ಸೇರುವುದು ಅತ್ಯಲ್ಪ.

4. ತೂಕ ಹಚ್ಚುವುದು: ಇಡೀ ಲೆಕ್ಕದ ಜೀವಾಳ

ರೇಟಿಂಗ್‌ಗಳನ್ನು ಸುಮ್ಮನೆ ಕೂಡಿದರೆ ಹೆಚ್ಚು ಜನರನ್ನು ತುಂಬಿಕೊಂಡ ತಂಡ ಗೆಲ್ಲುತ್ತದೆ. ಸರಾಸರಿ ತೆಗೆದರೆ ಮೂವರನ್ನೇ ಸೇರಿಸಿಕೊಂಡ ತಂಡ ಗೆಲ್ಲಬಹುದು. ಎರಡನ್ನೂ ತಪ್ಪಿಸಲು 247ಸ್ಪೋರ್ಟ್ಸ್ ಗಾಸಿಯನ್ ವಕ್ರರೇಖೆಯನ್ನು, ಅಂದರೆ ಗಂಟೆಯಾಕಾರದ ರೇಖೆಯನ್ನು ಬಳಸುತ್ತದೆ. ತಂಡದ ಅತ್ಯುತ್ತಮ ಆಟಗಾರನಿಗೆ ಪೂರ್ತಿ ತೂಕ, ಎರಡನೆಯವನಿಗೆ ಹೆಚ್ಚುಕಡಿಮೆ ಪೂರ್ತಿ, ಮುಂದೆ ಕ್ರಮೇಣ ಇಳಿಯುತ್ತಾ ಕೊನೆಯವನಿಗೆ ಚಿಟಿಕೆಯಷ್ಟು.

ಇಳಿಕೆಯ ವೇಗವನ್ನು ನಿರ್ಧರಿಸುವ ಸಂಖ್ಯೆಯ ಹೆಸರು ಸಿಗ್ಮಾ. ಎಲ್ಲ ತಂಡಗಳ ಕಮಿಟ್ ಸಂಖ್ಯೆಗಳ ಪ್ರಮಾಣ ವಿಚಲನೆ ಅದು. ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಎಂದು ತಿಳಿಯಿರಿ. ಅದು ಸ್ಥಿರವಲ್ಲ, ಋತು ಸಾಗಿದಂತೆ ಬದಲಾಗುತ್ತದೆ. ಕ್ಲಾಸ್‌ಗಳು ತುಂಬಿದ ಮೇಲಿನ ಲೆಕ್ಕಕ್ಕೆ 9 ಎಂದು ಹಿಡಿದರೆ ಸೈಟಿನ ಅಂಕಗಳಿಗೆ ಹತ್ತಿರ ಬರುತ್ತೀರಿ.

ಹೀಗೆ ಮಾಡಿ:

ಅ) ಆಟಗಾರರನ್ನು ರೇಟಿಂಗ್ ಇಳಿಕೆ ಕ್ರಮದಲ್ಲಿ ಜೋಡಿಸಿ, ಪಕ್ಕದಲ್ಲಿ 1, 2, 3 ಎಂದು ಕ್ರಮಾಂಕ ಕೊಡಿ.

ಆ) ಪ್ರತಿ ರೇಟಿಂಗನ್ನು 100ರಿಂದ ಗುಣಿಸಿ, 70 ಕಳೆಯಿರಿ. 0.9400 ಇದ್ದರೆ 94, ಅದರಿಂದ 24.

ಇ) ತೂಕದ ಕಾಲಂನಲ್ಲಿ: ಕ್ರಮಾಂಕದಿಂದ 1 ಕಳೆಯಿರಿ, ಬಂದದ್ದನ್ನು ವರ್ಗ ಮಾಡಿ, 162ರಿಂದ ಭಾಗಿಸಿ (9ರ ವರ್ಗ 81, ಅದರ ಎರಡರಷ್ಟು 162), ಮುಂದೆ ಋಣ ಚಿಹ್ನೆ ಹಾಕಿ, ಅದನ್ನು ಇಎಕ್ಸ್‌ಪಿ (EXP) ಫಂಕ್ಷನ್ನಿಗೆ ಕೊಡಿ.

ಈ) ಎರಡನ್ನೂ ಗುಣಿಸಿ, ಕೆಳಗೆ ಒಟ್ಟು ಹಾಕಿ.

ಎರಡನೇ ಹಂತದ 70ರ ಬಗ್ಗೆ ಬಿಡಿಸಿ ಹೇಳಬೇಕು, ಬಹಳ ಜನ ಎಡವುವುದು ಇಲ್ಲೇ. ಸೈಟಿನ ವಿವರಣೆಯಲ್ಲಿ ರೇಟಿಂಗನ್ನು 100ರಿಂದ ಗುಣಿಸುವುದಷ್ಟೇ ಇದೆ. ಹಾಗೆಯೇ ಹಾಕಿದರೆ ದೊಡ್ಡ ತಂಡಗಳಿಗೆ ಸಾವಿರ ದಾಟಿದ ಅಂಕ ಬರುತ್ತದೆ, ಸೈಟು ತೋರಿಸುವುದು ಮುನ್ನೂರರ ಆಸುಪಾಸು. 70 ಕಳೆದರೆ ಅಂಕ ಹೊಂದಿಕೊಳ್ಳುತ್ತದೆ. ಇದು ಬರೀ ಸಂಖ್ಯೆ ಚಿಕ್ಕದು ಮಾಡುವ ಕೆಲಸವಲ್ಲ, ಫಲಿತಾಂಶವೇ ತಿರುಗುತ್ತದೆ. ತಂಡ ಒಂದರಲ್ಲಿ 15 ಜನ, ಎಲ್ಲರೂ 0.9200. ತಂಡ ಎರಡರಲ್ಲಿ 25 ಜನ, ಎಲ್ಲರೂ 0.8900. ಮೊದಲ 15 ತೂಕಗಳ ಮೊತ್ತ 10.573, ಮೊದಲ 25ರದ್ದು 11.707. ಕಳೆಯದೆ ಹಾಕಿದರೆ 972.7 ಮತ್ತು 1041.9, ಎರಡನೇ ತಂಡ ಮುಂದೆ. 70 ಕಳೆದರೆ 232.6 ಮತ್ತು 222.4, ಮೊದಲ ತಂಡ ಮುಂದೆ. ಲೇಖನದ ಮೊದಲ ಪ್ರಶ್ನೆಗೆ ಉತ್ತರ ಇದೇ.

ಇನ್ನೊಂದು ಹಳ್ಳ ಸ್ಪ್ರೆಡ್‌ಶೀಟಿನದ್ದು. ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಎರಡರಲ್ಲೂ ಸಂಖ್ಯೆಯ ಮುಂದಿನ ಋಣ ಚಿಹ್ನೆ ವರ್ಗ ಮಾಡುವುದಕ್ಕಿಂತ ಮೊದಲು ಅನ್ವಯವಾಗುತ್ತದೆ. ಋಣ 3ರ ವರ್ಗ (-3^2) ಎಂದು ಬರೆದರೆ ಋಣ 9 ಬರುವುದಿಲ್ಲ, ಧನ 9 ಬರುತ್ತದೆ. ಹಾಗಾಗಿ ತೂಕ ಇಳಿಯುವ ಬದಲು ಏರುತ್ತಾ ಹೋಗುತ್ತದೆ, ಇಪ್ಪತ್ತನೆಯವನ ತೂಕ 0.11 ಆಗಬೇಕಾದದ್ದು 9.28 ಎಂದು ತೋರಿಸುತ್ತದೆ. ವರ್ಗ ಮಾಡುವ ಭಾಗವನ್ನು ಪೂರ್ತಿಯಾಗಿ ಇನ್ನೊಂದು ಆವರಣದೊಳಗೆ ಇಟ್ಟು, ಆವರಣದ ಹೊರಗೆ ಋಣ ಚಿಹ್ನೆ ಹಾಕಿ. ತೂಕದ ಕಾಲಂನ ಮೊದಲ ಸಾಲು 1, ಹತ್ತನೇ ಸಾಲು 0.6065, ಹತ್ತೊಂಬತ್ತನೇ ಸಾಲು 0.1353 ಬಂದರೆ ನಿಮ್ಮ ಹಾಳೆ ಸರಿಯಿದೆ.

ನಾಲ್ಕು ಜನರ ಪುಟ್ಟ ಕ್ಲಾಸ್ ಒಂದನ್ನು ಹಾಕಿ ಪರೀಕ್ಷಿಸಿಕೊಳ್ಳಿ. ರೇಟಿಂಗ್‌ಗಳು 0.9850, 0.9400, 0.9100, 0.8700. ಕಳೆದ ಮೇಲೆ 28.5, 24, 21, 17. ತೂಕಗಳು 1, 0.9938, 0.9756, 0.9460. ಗುಣಿಸಿದರೆ 28.50, 23.85, 20.49, 16.08. ಒಟ್ಟು 88.92.

5. ಹೊಸಬ ಸೇರಿದರೆ, ಇದ್ದವ ಹೋದರೆ

ಫೈವ್ ಸ್ಟಾರ್ ಸೇರಿದ ದಿನ ಅಭಿಮಾನಿಗಳು ಅವನ ಪೂರ್ತಿ ಅಂಕ ತಂಡಕ್ಕೆ ಬಂತೆಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಅವನು ಮೇಲೆ ಕೂತಾಗ ಉಳಿದವರೆಲ್ಲ ಒಂದೊಂದು ಮೆಟ್ಟಿಲು ಕೆಳಗೆ ಸರಿಯುತ್ತಾರೆ, ಪ್ರತಿಯೊಬ್ಬರ ತೂಕವೂ ಸ್ವಲ್ಪ ಕರಗುತ್ತದೆ. 0.9000 ರೇಟಿಂಗ್‌ನ 20 ಜನರಿರುವ ತಂಡಕ್ಕೆ 228.8 ಅಂಕ. ಅಲ್ಲಿಗೆ 0.9900ರ ಹುಡುಗ ಬಂದರೆ ಅವನ ಪಾಲು 29, ಉಳಿದ ಇಪ್ಪತ್ತು ಜನರದ್ದು 210.5ಕ್ಕೆ ಇಳಿಯುತ್ತದೆ. ಒಟ್ಟು 239.5. ನಿಜವಾದ ಲಾಭ 10.7. ಅದೇ ತಂಡಕ್ಕೆ 0.8600ರ ತ್ರೀ ಸ್ಟಾರ್ ಬಂದರೆ 21ನೇ ಸ್ಥಾನಕ್ಕೆ ಹೋಗಿ ಕೂರುತ್ತಾನೆ, ತೂಕ 0.0847, ಲಾಭ 1.4 ಕೂಡ ಇಲ್ಲ.

ಇಪ್ಪತ್ತು ಸಮಾನ ಆಟಗಾರರ ಕ್ಲಾಸಿನಲ್ಲಿ ಮೊದಲ ಹತ್ತು ಸ್ಥಾನಗಳೇ ಶೇ 74ರಷ್ಟು ಅಂಕ ಕೊಡುತ್ತವೆ. ಮೇಲಿನವರ ರೇಟಿಂಗ್ ಕೆಳಗಿನವರಿಗಿಂತ ಹೆಚ್ಚಿರುವುದರಿಂದ ನಿಜವಾದ ತಂಡಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಆದ್ದರಿಂದ ಕೆಳಗಿನ ಐದಾರು ಜನರ ಸೇರ್ಪಡೆ ರ‍್ಯಾಂಕಿಂಗ್‌ಗೆ ಮುಖ್ಯವಲ್ಲ. ತಂಡಕ್ಕೆ ಮುಖ್ಯವಿರಬಹುದು, ಅದು ಬೇರೆ ಮಾತು.

ಡೀಕಮಿಟ್ ಆದಾಗ ಇದೇ ಲೆಕ್ಕ ಹಿಮ್ಮುಖ. 2021ರ ಡಿಸೆಂಬರ್ 15ರಂದು, ಸಹಿ ಹಾಕುವ ದಿನವೇ, ಟ್ರಾವಿಸ್ ಹಂಟರ್ ಫ್ಲೋರಿಡಾ ಸ್ಟೇಟ್ ಬಿಟ್ಟು ಜ್ಯಾಕ್ಸನ್ ಸ್ಟೇಟ್‌ಗೆ ಫ್ಲಿಪ್ ಆದ. ದೇಶದ ಆಟಗಾರರ ಪಟ್ಟಿಯ ತುದಿಯಲ್ಲಿದ್ದ ಇಂಥವನು ಹೋದರೆ ಅವನ ಅಂಕ ಹೋಗುತ್ತದೆ, ಆದರೆ ಉಳಿದವರೆಲ್ಲ ಒಂದು ಮೆಟ್ಟಿಲು ಮೇಲೇರುವುದರಿಂದ ಒಂದಷ್ಟು ತುಂಬಿಕೊಳ್ಳುತ್ತದೆ. ಸಣ್ಣ ಕ್ಲಾಸಿಗೆ ಇಂಥ ಪೆಟ್ಟು ಹೆಚ್ಚು ಬೀಳುತ್ತದೆ, ಯಾಕೆಂದರೆ ಮೇಲೇರಿ ಜಾಗ ತುಂಬಲು ಅಲ್ಲಿ ಜನರೇ ಕಡಿಮೆ.

6. ನಿಮ್ಮ ಉತ್ತರ ಸೈಟಿನ ಜೊತೆ ಹೊಂದದಿದ್ದರೆ

ದಶಮಾಂಶದಷ್ಟು ಅಥವಾ ಒಂದೆರಡು ಅಂಕದ ವ್ಯತ್ಯಾಸ ಬಂದರೆ ಚಿಂತೆ ಬೇಡ, ಸಿಗ್ಮಾ ಸರಿಯಾಗಿ 9 ಇಲ್ಲದಿರುವುದೇ ಕಾರಣ. ಸಿಗ್ಮಾ 8 ಆದರೆ ಇಪ್ಪತ್ತನೆಯವನ ತೂಕ 0.11ರಿಂದ 0.06ಕ್ಕೆ ಬೀಳುತ್ತದೆ. ವ್ಯತ್ಯಾಸ ದೊಡ್ಡದಿದ್ದರೆ ಈ ಮೂರನ್ನು ನೋಡಿ. ಸೈಟಿನಲ್ಲಿ ಕಾಂಪೋಸಿಟ್ ಬದಲು 247ರ ಸ್ವಂತ ರೇಟಿಂಗಿನ ಪಟ್ಟಿ ತೆರೆದಿದ್ದೀರಾ? ಎರಡೂ ಒಂದೇ ಪುಟದಲ್ಲಿ ಬೇರೆ ಬೇರೆ ಗುಂಡಿಯ ಕೆಳಗಿರುತ್ತವೆ. ಆಟಗಾರನ ರೇಟಿಂಗ್ 0.9452 ಎಂದೂ ತಂಡದ ಸರಾಸರಿ 94.52 ಎಂದೂ ಬೇರೆ ರೂಪದಲ್ಲಿ ಕಾಣುತ್ತವೆ, ಹಾಳೆಯಲ್ಲಿ ಎರಡೂ ಬೆರೆತುಹೋಗಿವೆಯೇ? ಪಟ್ಟಿ ಇಳಿಕೆ ಕ್ರಮದಲ್ಲಿದೆಯೇ? ಹೊಸಬನನ್ನು ಕೊನೆಯ ಸಾಲಿಗೆ ಸೇರಿಸಿ, ಮತ್ತೆ ಜೋಡಿಸಲು ಮರೆಯುವುದು ಸಾಮಾನ್ಯ.

7. ರ‍್ಯಾಂಕ್ ಓದುವಾಗ

ಸ್ಥಾನ ನೋಡಬೇಡಿ, ಅಂಕದ ಅಂತರ ನೋಡಿ. ಪಟ್ಟಿಯ ತುದಿಯಲ್ಲಿ ಒಂದು ಸ್ಥಾನಕ್ಕೂ ಇನ್ನೊಂದಕ್ಕೂ ಹತ್ತಾರು ಅಂಕದ ಅಂತರ ಇರಬಹುದು. ನಡುವೆ ತಂಡಗಳು ಒತ್ತೊತ್ತಾಗಿರುತ್ತವೆ, ಒಬ್ಬ ಸಾಧಾರಣ ತ್ರೀ ಸ್ಟಾರ್ ಬಂದರೂ ನಾಲ್ಕಾರು ಸ್ಥಾನ ಏರಬಹುದು.

ಬೇಸಿಗೆಯ ರ‍್ಯಾಂಕಿಗೆ ಹೆಚ್ಚು ಬೆಲೆ ಕೊಡಬೇಡಿ. ಜೂನ್‌ನಲ್ಲಿ 18 ಕಮಿಟ್ ಇರುವ ತಂಡ, ಆರೇ ಜನರಿರುವ ಬಲಾಢ್ಯ ತಂಡದ ಮೇಲಿರುವುದು ಸಹಜ. ಡಿಸೆಂಬರ್‌ನ ಮೊದಲ ಸಹಿ ಅವಧಿ ಮುಗಿಯುವವರೆಗೆ ಕಾಯಿರಿ. ಈ ಅವಧಿ 2017ರಲ್ಲಿ ಆರಂಭವಾಯಿತು, ಈಗ ಕ್ಲಾಸಿನ ಬಹುಪಾಲು ಅಲ್ಲೇ ಮುಗಿಯುತ್ತದೆ. ಫೆಬ್ರವರಿಯ ಹಳೆಯ ಸಹಿ ದಿನಕ್ಕೆ ಉಳಿಯುವುದು ಕೆಲವರಷ್ಟೇ.

ಎರಡು ಸೈಟುಗಳು ಬೇರೆ ಸ್ಥಾನ ಕೊಟ್ಟರೆ ಎರಡೂ ತಪ್ಪಲ್ಲ. ರೈವಲ್ಸ್ ಬಹಳ ಕಾಲ ತಂಡದ ಮೊದಲ 20 ಜನರನ್ನು ಮಾತ್ರ ಎಣಿಸಿತು. ಅಂಥ ಲೆಕ್ಕದಲ್ಲಿ 21ನೆಯವನ ಬೆಲೆ ಸೊನ್ನೆ. ಗಾಸಿಯನ್ ಲೆಕ್ಕದಲ್ಲಿ ಚಿಟಿಕೆಯಷ್ಟಾದರೂ ಇದೆ. ಪದ್ಧತಿ ಬೇರೆಯಾದರೆ ಕ್ರಮವೂ ಬೇರೆಯಾಗುತ್ತದೆ.

ಕ್ಲಾಸ್ ಸಣ್ಣದಿದ್ದರೆ ಸರಾಸರಿ ರೇಟಿಂಗ್ ಕಾಲಂ ನೋಡಿ, ಗುಣಮಟ್ಟ ಅಲ್ಲಿ ಕಾಣುತ್ತದೆ. ಜೊತೆಗೆ ಬ್ಲೂ ಚಿಪ್ ಅನುಪಾತ ಎಂಬ ಅಳತೆಯೂ ಇದೆ. ಪತ್ರಕರ್ತ ಬಡ್ ಎಲಿಯಟ್ ಅದನ್ನು ಬಳಕೆಗೆ ತಂದವರು. ನಾಲ್ಕು ವರ್ಷಗಳ ಹೈಸ್ಕೂಲ್ ಕ್ಲಾಸ್‌ಗಳಲ್ಲಿ ಫೋರ್ ಮತ್ತು ಫೈವ್ ಸ್ಟಾರ್‌ಗಳು ಶೇಕಡಾ ಎಷ್ಟು ಎಂಬ ಲೆಕ್ಕ ಅದು, ಅರ್ಧ ದಾಟಿದರೆ ಪ್ರಶಸ್ತಿಗೆ ಸ್ಪರ್ಧಿಸುವ ಮಟ್ಟದ ತಂಡ ಎಂಬ ಗಡಿ. ಒಂದು ವರ್ಷದ ರ‍್ಯಾಂಕಿಗಿಂತ ಇದು ತಂಡದ ಒಟ್ಟು ಬಲವನ್ನು ಚೆನ್ನಾಗಿ ತೋರಿಸುತ್ತದೆ ಎಂದು ನಮ್ಮ ಅಭಿಪ್ರಾಯ. ಒಂದೇ ಕ್ಲಾಸಿನ ರ‍್ಯಾಂಕ್ ಆ ವರ್ಷದ ಪಂದ್ಯಗಳ ಬಗ್ಗೆ ಹೇಳುವುದು ತೀರಾ ಕಡಿಮೆ. 2022ರಲ್ಲಿ ಟೆಕ್ಸಾಸ್ ಎ ಆಂಡ್ ಎಮ್, 247ಸ್ಪೋರ್ಟ್ಸ್ ಲೆಕ್ಕದಲ್ಲಿ ಅಲ್ಲಿಯವರೆಗಿನ ಅತಿ ಹೆಚ್ಚು ಅಂಕದ ಕ್ಲಾಸ್ ಕಟ್ಟಿತು. ಆ ಋತುವಿನಲ್ಲಿ ತಂಡ ಐದು ಗೆದ್ದು ಏಳು ಸೋತಿತು. ಹದಿನೆಂಟರ ಹುಡುಗರು ಮೈದಾನಕ್ಕೆ ಸಿದ್ಧರಾಗಲು ಎರಡು ಮೂರು ವರ್ಷ ಬೇಕು, ಅಷ್ಟರೊಳಗೆ ಹಲವರು ಬೇರೆ ತಂಡಕ್ಕೆ ಹೋಗಿರುತ್ತಾರೆ.

8. ಟ್ರಾನ್ಸ್‌ಫರ್‌ಗಳನ್ನು ಸೇರಿಸುವುದು

ಟ್ರಾನ್ಸ್‌ಫರ್ ಪೋರ್ಟಲ್ 2018ರ ಅಕ್ಟೋಬರ್‌ನಲ್ಲಿ ತೆರೆಯಿತು. ಹೈಸ್ಕೂಲ್ ಕ್ಲಾಸಿನ ರ‍್ಯಾಂಕ್ ಒಂದನ್ನೇ ನೋಡಿ ತಂಡವನ್ನು ಅಳೆಯುವ ಕಾಲ ಅದರಿಂದ ಮುಗಿಯಿತು. 2022ರ ಡಿಸೆಂಬರ್‌ನಲ್ಲಿ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಕೊಲರಾಡೊಗೆ ಬಂದ ಮೇಲೆ ಆ ತಂಡವನ್ನು ಹೆಚ್ಚಾಗಿ ಟ್ರಾನ್ಸ್‌ಫರ್‌ಗಳಿಂದಲೇ ಕಟ್ಟಿದರು. ಅಂಥ ತಂಡದ ಹೈಸ್ಕೂಲ್ ರ‍್ಯಾಂಕ್ ಅರ್ಧ ಚಿತ್ರವನ್ನೂ ಕೊಡುವುದಿಲ್ಲ.

247ಸ್ಪೋರ್ಟ್ಸ್‌ನಲ್ಲಿ ಮೂರು ಪಟ್ಟಿಗಳಿವೆ: ಹೈಸ್ಕೂಲ್ ಕ್ಲಾಸಿನದ್ದು, ಟ್ರಾನ್ಸ್‌ಫರ್‌ಗಳದ್ದು, ಎರಡೂ ಕೂಡಿದ ಒಟ್ಟಾರೆ ಪಟ್ಟಿ. ಟ್ರಾನ್ಸ್‌ಫರ್ ಆಟಗಾರನಿಗೆ ಕಾಲೇಜಿನಲ್ಲಿ ಆಡಿದ್ದನ್ನು ನೋಡಿ ಹೊಸ ರೇಟಿಂಗ್ ಕೊಡುತ್ತಾರೆ. ಹೈಸ್ಕೂಲಿನಲ್ಲಿ ಫೈವ್ ಸ್ಟಾರ್ ಆಗಿದ್ದವನು ಇಲ್ಲಿ ತ್ರೀ ಸ್ಟಾರ್ ಆಗಿರಬಹುದು. ಹಾಗಾಗಿ ಅವನ ಹಳೆಯ ರೇಟಿಂಗನ್ನು ನಿಮ್ಮ ಹಾಳೆಗೆ ತರಬೇಡಿ. ಇನ್ನೊಂದು ವಿಷಯ: ಈ ಪಟ್ಟಿಗಳು ಒಳಗೆ ಬಂದವರನ್ನು ಎಣಿಸುತ್ತವೆ, ಬಿಟ್ಟು ಹೋದವರನ್ನು ಕಳೆಯುವುದಿಲ್ಲ. ಇಪ್ಪತ್ತು ಜನ ಬಂದ ತಂಡದಿಂದ ಮೂವತ್ತು ಜನ ಹೋಗಿದ್ದರೂ ರ‍್ಯಾಂಕಿನಲ್ಲಿ ಅದು ಕಾಣುವುದಿಲ್ಲ. ಹೋದವರ ಹೆಸರುಗಳನ್ನು ತಂಡದ ಪೋರ್ಟಲ್ ಪುಟದಿಂದ ಬರೆದುಕೊಂಡು, ನಿಮ್ಮ ಹಾಳೆಯಲ್ಲೇ ಪಕ್ಕದ ಕಾಲಂನಲ್ಲಿ ಅವರ ಟ್ರಾನ್ಸ್‌ಫರ್ ರೇಟಿಂಗ್ ಸಮೇತ ಇಟ್ಟುಕೊಳ್ಳಿ.